‘ಅವಧಿ’ ಎಂದು ಓದಿ ಹೇಳಿದವಳು ನಾನು

ವಿದೇಶ ಪ್ರಯಾಣಿಕರ ಅಹವಾಲು ವಿಭಾಗದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬೀದಿಯ ಶಹರ್ಬಾನು ಅವರ ಮನವಿಯನ್ನು ನೀವು ವಾಪಸು ಕಳಿಸಿದ್ದೀರಿ. ಕೊಲ್ಲಿಯ ದೇಶವೊಂದರಲ್ಲಿ ಅನುಮತಿ ಮುಗಿದ ಮೇಲೂ ಉಳಿದರೆಂದು ಆ ದೇಶ ಅವರ ಮರುಪ್ರವೇಶವನ್ನು ಐದು ವರ್ಷ ನಿಷೇಧಿಸಿದೆ. ವಿನಾಯಿತಿ ಕೋರುವ ಮನವಿಯನ್ನು ನಮ್ಮ ರಾಯಭಾರ ಕಚೇರಿಯ ಮೂಲಕ ಅಲ್ಲಿಗೆ ತಲುಪಿಸಿ ಎಂದಷ್ಟೇ ಅವರು ನಿಮ್ಮನ್ನು ಕೇಳಿದ್ದರು. ‘ತಿಳಿದೂ ಉಳಿದವರ ಮನವಿಯನ್ನು ರವಾನಿಸಲು ಅವಕಾಶವಿಲ್ಲ’ ಎಂದು ನೀವು ಹಿಂಬರಹ ಕೊಟ್ಟಿದ್ದೀರಿ. ಅವರು ತಿಳಿದೂ ಉಳಿದರು ಎಂಬುದು ಸುಳ್ಳು. ಆ ಸುಳ್ಳು ಹುಟ್ಟಿದ್ದರಲ್ಲಿ ನನ್ನ ಪಾಲಿದೆ. ಆದ್ದರಿಂದಲೇ ಲಕೋಟೆಯಲ್ಲಿ ಹಾಕದೆ ಎಲ್ಲರೂ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಶಹರ್ಬಾನು ಮತ್ತು ಅವರ ಗಂಡ ಹುಸೇನ್ ಸಾಬರು ಶಿರಾದಲ್ಲಿ ನಮ್ಮ ಎದುರು ಮನೆಯವರು. ಸಾಬರದು ಬೀಗ, ಸ್ಟೌ ರಿಪೇರಿಯ ಅಂಗಡಿ. ಬೀದಿಗೆ ಬರುವ ಇಂಗ್ಲಿಷ್ ಕಾಗದಗಳನ್ನು ಓದಿ ಅರ್ಥ ಹೇಳುವುದು ಬಹಳ ಕಾಲದಿಂದ ನನ್ನ ಪಾಲಿಗೆ ಬಂದ ಕೆಲಸ. ಆಸ್ಪತ್ರೆಯ ವರದಿ, ಬ್ಯಾಂಕಿನ ಮೆಸೇಜು, ಕಾಲೇಜಿನ ನೋಟಿಸು, ಯಾವುದಾದರೂ ಸರಿ. ಬಿಡುವಿನಲ್ಲಿ ನಾನು ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಕಾದಂಬರಿಗಳನ್ನು ಓದುತ್ತೇನೆ. ಅನುವಾದಕರು ಎರಡು ಬೇರೆ ಮಾತಿಗೆ ಒಂದೇ ಕನ್ನಡ ಪದ ಹಾಕಿದ್ದರೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುವ ಅಭ್ಯಾಸವೂ ಇದೆ. ಈ ಅಭ್ಯಾಸವನ್ನು ಇಲ್ಲಿ ಹೇಳಲು ಕಾರಣ ಹೆಮ್ಮೆಯಲ್ಲ ಎಂಬುದು ನಿಮಗೆ ಮುಂದೆ ತಿಳಿಯುತ್ತದೆ.

ಕಳೆದ ವರ್ಷ ಅವರ ಮಗಳು ಅಂಬ್ರೀನ್ ಕೊಲ್ಲಿಯ ಆ ದೇಶದಲ್ಲಿ ಮೊದಲ ಹೆರಿಗೆಗೆ ಕಾಯುತ್ತಿದ್ದಳು. ಅಳಿಯ ನಯಾಜ್ ಎ.ಸಿ. ಮೆಕ್ಯಾನಿಕ್. ಬಾಣಂತನಕ್ಕೆ ಅತ್ತೆಯನ್ನು ಕರೆಸಿಕೊಳ್ಳಲು ವೀಸಾ ಕಳಿಸಿದ. ಶಹರ್ಬಾನು ಅದನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಅದರಲ್ಲಿ ಎರಡು ಸಾಲುಗಳಿದ್ದವು. ವೀಸಾದ ವ್ಯಾಲಿಡಿಟಿ ಆರು ತಿಂಗಳು ಎಂಬುದು ಒಂದು, ಡ್ಯುರೇಷನ್ ಆಫ್ ಸ್ಟೇ ಎರಡು ತಿಂಗಳು ಎಂಬುದು ಇನ್ನೊಂದು. ಆರು ತಿಂಗಳೊಳಗೆ ಯಾವಾಗ ಬೇಕಾದರೂ ಆ ದೇಶಕ್ಕೆ ಕಾಲಿಡಬಹುದು, ಕಾಲಿಟ್ಟ ಮೇಲೆ ಎರಡು ತಿಂಗಳು ಮಾತ್ರ ಉಳಿಯಬಹುದು ಎಂದು ಅದರ ಅರ್ಥ. ನಾನು ಹೇಳಿದ್ದು ಹೀಗೆ: ‘ವೀಸಾದ ಅವಧಿ ಆರು ತಿಂಗಳು. ಒಂದು ಸಲದ ಅವಧಿ ಎರಡು ತಿಂಗಳು.’

“ಎಲ್ಡೆಲ್ಡು ಹೇಳ್ಬ್ಯಾಡಿ ಲೋಹಿತಮ್ಮ. ಅವಧಿ ಆರು ತಿಂಗ್ಳೋ ಎಲ್ಡು ತಿಂಗ್ಳೋ? ಒಂದು ಹೇಳಿ ಕಣಮ್ಮ.”

“ಅವಧಿ ಆರು ತಿಂಗಳೇ ಬಾನಕ್ಕ. ಇದು ಒಂದೊಂದು ಸಲದ್ದು.”

“ನಾನೇನು ಹತ್ತು ಸಲ ಹೋಯ್ತೀನಾ? ಹೋಗೋದು ಒಂದೇ ಸಲ. ಬುಡಿ, ಆರು ತಿಂಗ್ಳು ಸಾಕು.”

ನಾನು ನಕ್ಕೆ. ಆಗಲೂ ನನ್ನ ಬೆರಳು ಓದುತ್ತಿದ್ದ ಕಾದಂಬರಿಯ ಪುಟಗಳ ನಡುವೆಯೇ ಇತ್ತು. ಹೇಳಿದ್ದರಲ್ಲಿ ಒಂದು ಪದವೂ ತಪ್ಪಿಲ್ಲ ಎಂದು ನೀವು ವಾದಿಸಬಹುದು. ನಾನೂ ಕೆಲವು ವಾರ ಹಾಗೆ ವಾದಿಸಿಕೊಂಡೆ. ಆದರೆ ಎದುರಿಗಿದ್ದವರು ಏನು ಅರ್ಥಮಾಡಿಕೊಂಡರೆಂದು ನನ್ನ ಕಿವಿಯಾರೆ ಕೇಳಿದ ಮೇಲೂ ತಿದ್ದದೆ ಪುಸ್ತಕಕ್ಕೆ ಮರಳಿದ್ದಕ್ಕೆ ಯಾವ ವಾದವಿದೆ? ಹೆರಿಗೆಯಾದ ಮೇಲೆ ನಯಾಜ್ ಒಮ್ಮೆ ಸಂಶಯಪಟ್ಟು ಕೇಳಿದ್ದನಂತೆ. ‘ಲೋಹಿತಮ್ಮ ಓದಿ ನೋಡವ್ರೆ’ ಎಂಬ ಉತ್ತರ ಅವನಿಗೂ ಸಾಕಾಯಿತಂತೆ. ನನ್ನ ಹೆಸರಿಗೆ ಅಷ್ಟು ಬೆಲೆ ಇದೆಯೆಂದು ನನಗೆ ತಿಳಿದದ್ದು ಹೀಗೆ.

ಹೆರಿಗೆ ತಡವಾಯಿತು. ನಲವತ್ತು ದಿನ ತುಂಬದೆ ಬಾಣಂತಿಯನ್ನು ಬಿಟ್ಟು ಬರುವ ತಾಯಿಯನ್ನು ನಾನು ಈ ಸೀಮೆಯಲ್ಲಿ ಯಾವ ಜಾತಿಯಲ್ಲೂ ಕಂಡಿಲ್ಲ. ನಲವತ್ತರ ಸ್ನಾನ ಮುಗಿಸಿ, ಮಗುವಿಗೆ ಕುಲಾವಿ ಹೊಲಿದುಕೊಟ್ಟು ಶಹರ್ಬಾನು ನೆಮ್ಮದಿಯಾಗಿ ವಿಮಾನ ನಿಲ್ದಾಣಕ್ಕೆ ಬಂದರೆ, ಅವರನ್ನು ಬೇರೆ ಕೋಣೆಗೆ ಕರೆದೊಯ್ದರು. ಬೆರಳಚ್ಚು ತೆಗೆದುಕೊಂಡರು. ದಂಡ ಹಾಕಿದರು, ನಯಾಜ್ ಕಟ್ಟಿದ. ಇದರ ಬಗ್ಗೆ ನನಗೆ ತಕರಾರಿಲ್ಲ. ಅವರ ನೆಲ, ಅವರ ಕಾನೂನು. ನಮ್ಮ ದೇಶದಲ್ಲಿ ಹೆಚ್ಚು ದಿನ ಉಳಿದ ಪರದೇಶಿಯನ್ನು ನಾವೇನು ಆರತಿ ಎತ್ತಿ ಕಳಿಸುತ್ತೇವೆಯೇ?

ತಕರಾರು ಇರುವುದು ಮುಂದಿನದರಲ್ಲಿ. ಅಲ್ಲಿನ ಅಧಿಕಾರಿ ದುಭಾಷಿಯ ಮೂಲಕ ಒಂದು ಪ್ರಶ್ನೆ ಕೇಳಿದರು: ಇಷ್ಟು ದಿನ ಇರಬಹುದೆಂದು ನಿಮಗೆ ಯಾರು ಹೇಳಿದರು? ಶಹರ್ಬಾನು ಕೊಟ್ಟ ಉತ್ತರ: ಯಾರೂ ಹೇಳಲಿಲ್ಲ, ಎಲ್ಲ ನಾನೇ ನೋಡಿಕೊಂಡು ಇದ್ದೆ. ‘ಷರತ್ತುಗಳನ್ನು ಸ್ವತಃ ನೋಡಿದ್ದು, ತಿಳಿದೂ ಉಳಿದಿದ್ದಾರೆ’ ಎಂದು ಅದು ದಾಖಲಾಯಿತು. ದಂಡದಲ್ಲಿ ಮುಗಿಯಬಹುದಾಗಿದ್ದು ನಿಷೇಧದವರೆಗೆ ಹೋಯಿತು. ಇಂಗ್ಲಿಷ್ ಓದಲು ಬಾರದ ಹೆಂಗಸು ಇಂಗ್ಲಿಷ್ ಷರತ್ತುಗಳನ್ನು ಸ್ವತಃ ನೋಡಿದ್ದು ಹೇಗೆ ಎಂಬ ಪ್ರಶ್ನೆ ಆ ಪರದೇಶದ ಅಧಿಕಾರಿಗೆ ಹೊಳೆಯದಿರಬಹುದು. ಅವರ ಹೆಬ್ಬೆಟ್ಟಿನ ಗುರುತಿರುವ ಮನವಿಯನ್ನೇ ಮೇಜಿನ ಮೇಲೆ ಇಟ್ಟುಕೊಂಡಿದ್ದ ನಿಮಗೂ ಹೊಳೆಯಲಿಲ್ಲವೇ?

ಊರಿಗೆ ಬಂದ ಮರುದಿನ ಅವರು ನಮಗೆಂದು ಖರ್ಜೂರದ ಡಬ್ಬಿ ತಂದರು. ಜೊತೆಗೆ ನಿಷೇಧದ ಆದೇಶವನ್ನೂ ತಂದರು, ಓದಿ ಹೇಳಲು. ನಾನು ಓದಿದೆ. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಅಯ್ಯೋ, ಪೊಲೀಸ್ನೋರ ಮುಂದೆ ನಿಮ್ಮ ಹೆಸ್ರು ಹೆಂಗ್ ಹೇಳ್ಬುಡ್ಲಿ? ನಾಳೆ ಅವ್ರು ಜೀಪ್ ತಕಂಡು ನಿಮ್ಮನೆ ತಂಕ ಬಂದ್ಬುಟ್ರೆ?”

“ಸಮುದ್ರ ದಾಟಿ ಜೀಪು ಬತ್ತದೇನೇ?” ಎಂದರು ಹುಸೇನ್ ಸಾಬರು, ಹೊಸಿಲ ಆಚೆಯಿಂದಲೇ. ಆಮೇಲೆ ನನ್ನ ಕಡೆ ತಿರುಗಿ, “ನೋಡಿ ಲೋಹಿತಮ್ಮ, ಮೂವತ್ತು ವರ್ಸದಿಂದ ನಮ್ಮನ್ಯಾಗೆ ಠಿಕಾಣಿ ಹಾಕವ್ಳೆ. ನಾನು ಒಂದಿನಾನಾದ್ರೂ ವೀಸಾ ಕೇಳಿದ್ನಾ?” ಎಂದರು.

ಬಾನಕ್ಕ ನಕ್ಕುಬಿಟ್ಟರು. ನನಗೆ ಅವರಿಬ್ಬರ ಮುಖ ನೋಡಲಾಗಲಿಲ್ಲ. ತಪ್ಪು ನನ್ನದು ಎಂದೆ. “ನೀವು ಇದ್ದುದ್ದನ್ನೇ ಓದಿದ್ರಿ, ನಾನೇ ತಿಳ್ಕಳ್ಲಿಲ್ಲ” ಎಂದರು ಬಾನಕ್ಕ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಮಾನ್ಯರೇ, ನಿಷೇಧ ಇದ್ದರೆ ಇರಲಿ, ಮನೆಯಲ್ಲೇ ಕೂರಲಿ ಎನ್ನುವ ಸ್ಥಿತಿ ಈಗ ಇಲ್ಲ. ಮುಂದಿನ ತಿಂಗಳು ಅಂಬ್ರೀನ್‌ಗೆ ಹೊಟ್ಟೆಯ ಗೆಡ್ಡೆಯ ಆಪರೇಷನ್ ಆಗಬೇಕಿದೆ. ವಿಮಾನ ಹತ್ತಬಾರದೆಂದು ಅಲ್ಲಿನ ವೈದ್ಯರು ಹೇಳಿದ್ದಾರೆ, ಹಾಗಾಗಿ ಅವಳು ಇಲ್ಲಿಗೆ ಬರುವಂತಿಲ್ಲ. ಮಗು ಇನ್ನೂ ಅಂಬೆಗಾಲಿಡುತ್ತಿದೆ. ಆಪರೇಷನ್ ಆದ ಮೇಲೆ ಅವಳು ಆ ಮಗುವನ್ನು ಎತ್ತಿಕೊಳ್ಳುವಂತಿಲ್ಲ. ನಯಾಜ್‌ಗೆ ಸಿಗುವ ರಜೆ ಆಸ್ಪತ್ರೆಯ ದಿನಗಳಿಗೇ ಸಾಲದು. ಇನ್ನೊಬ್ಬ ಹೆಂಗಸು ಆ ಮನೆಯಲ್ಲಿ ಇಲ್ಲ. ಇಷ್ಟನ್ನೂ ವೈದ್ಯರ ಪತ್ರದ ಸಮೇತ ಮನವಿಯಲ್ಲಿ ಬರೆದಿದ್ದೆವು. ನಿಮ್ಮ ಹಿಂಬರಹದ ಇನ್ನೊಂದು ಸಾಲು ಹೀಗಿದೆ: ‘ವೀಸಾ ಅವಧಿಯಲ್ಲಿ ವಾಸದ ಅವಧಿ ಮೀರಿರುವ ಅವಧಿಗೆ ಸಂಬಂಧಿಸಿದಂತೆ ಕಾನೂನಿನ ಅಜ್ಞಾನವು ನೆಪವಾಗದು.’ ಒಂದೇ ವಾಕ್ಯದಲ್ಲಿ ಮೂರು ಅವಧಿಗಳು! ನನ್ನ ಪೆನ್ಸಿಲು ತಾನಾಗಿಯೇ ಅಂಚಿಗೆ ಹೋಯಿತು, ಆದರೆ ಗೆರೆ ಎಳೆಯುವ ಯೋಗ್ಯತೆ ನನಗೆ ಉಳಿದಿಲ್ಲವೆಂದು ಕೆಳಗಿಟ್ಟೆ. ಶಹರ್ಬಾನು ಗೊಂದಲಪಟ್ಟರೆ ಅದು ಅಪರಾಧ, ನಾನು ಗೊಂದಲ ಮಾಡಿದರೆ ಅಜಾಗರೂಕತೆ. ಕಚೇರಿ ಮುದ್ರೆ ಒತ್ತಿ ಗೊಂದಲ ಮಾಡಿದರೆ ಅದನ್ನು ಏನೆಂದು ಕರೆಯಬೇಕು? ಇನ್ನು, ತಿಳಿದೂ ಉಳಿದರು ಎಂದು ಒಮ್ಮೆ ಹೇಳಿ, ಅಜ್ಞಾನ ನೆಪವಲ್ಲ ಎಂದು ಇನ್ನೊಮ್ಮೆ ಹೇಳಿದ್ದೀರಿ. ಆಕೆಗೆ ತಿಳಿದಿತ್ತೋ, ತಿಳಿದಿರಲಿಲ್ಲವೋ? ಒಂದು ಹೇಳಿ ಎಂದು ಬಾನಕ್ಕನ ಹಾಗೆಯೇ ಕೇಳಬೇಕೆನಿಸುತ್ತದೆ.

ನಾನು ಬೇಡುತ್ತಿರುವುದು ಕರುಣೆಯನ್ನಲ್ಲ, ರವಾನೆಯನ್ನು. ಕಾಗದ ಓದಿ ತಪ್ಪು ತಿಳಿವಳಿಕೆ ಕೊಟ್ಟವಳು ನಾನೆಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿದ್ದೇನೆ. ಅದನ್ನು ಮನವಿಗೆ ಲಗತ್ತಿಸಿ, ಆಪರೇಷನ್‌ಗೆ ಮೊದಲು ತಲುಪುವಂತೆ ಕಳಿಸಿಕೊಡಿ. ಒಪ್ಪುವುದು ಬಿಡುವುದು ಆ ದೇಶದ ಹಕ್ಕು, ಅವರ ಬದಲು ನೀವೇ ಇಲ್ಲ ಎನ್ನಬೇಡಿ. ಜೊತೆಗೆ, ನಿಮ್ಮ ಕಚೇರಿಯ ಕನ್ನಡ ಸೂಚನೆಗಳಲ್ಲಿ ‘ಒಳಗೆ ಹೋಗಲು ಕೊನೆಯ ದಿನ’ ಎಂದೂ ‘ಉಳಿಯಬಹುದಾದ ದಿನಗಳು’ ಎಂದೂ ಬೇರೆ ಬೇರೆಯಾಗಿ ಹಾಕಿಸಿ. ನಾಳೆ ಕೊಳಾಲದಿಂದಲೋ ವೈ.ಎನ್. ಹೊಸಕೋಟೆಯಿಂದಲೋ ಮಗಳ ಬಾಣಂತನಕ್ಕೆ ಹೊರಡುವವರಿಗೂ ನನ್ನಂಥ ಎದುರು ಮನೆಯವರು ಇದ್ದೇ ಇರುತ್ತಾರೆ.

ಈ ಪತ್ರವನ್ನು ಬಾನಕ್ಕನಿಗೆ ಓದಿ ಹೇಳಿದ್ದೇನೆ, ಈ ಸಲ ನಿಧಾನವಾಗಿ. ಆಪರೇಷನ್ ಭಾಗ ಬಂದಾಗ ಸುಮ್ಮನೆ ಕೇಳಿಸಿಕೊಂಡರು. ನನ್ನ ಹೆಸರು ಬಂದಾಗ ಮಾತ್ರ ತಡೆದರು. “ಪೇಪರ್ನಾಗೆ ನಿಮ್ಮ ಹೆಸ್ರು ಬ್ಯಾಡ ಕಣಮ್ಮ. ಯಾರೋ ಓದಿ ಹೇಳಿದ್ರು ಅಂತ ಬರೀರಿ, ಸಾಕು.”

ಇಂತಿ,
ಆ ‘ಯಾರೋ’,
ಲೋಹಿತಾ
ಶಿರಾ