ಅಪ್ಪನ ಮಣ್ಣಿಗೂ ಬರಬೇಡವೆಂದು

ಮಗನೇ ಜೋರಿಗ್ತೊ,

ಗಡಿ ದಾಟುವ ಲಾರಿಯವನ ಕೈಲಿ ಇದನ್ನು ಕಳಿಸಿದ್ದೇನೆ. ಫೋನ್ ಮಾತ್ರ ಮಾಡಬೇಡ, ಕದ್ದು ಕೇಳುತ್ತಾರೆ.

ಗುರುವಾರ ನಿನ್ನ ಅಪ್ಪನನ್ನು ಮಣ್ಣು ಮಾಡಿದೆವು. ಮೊದಲೇ ತಿಳಿಸಿದ್ದರೆ ನೀನು ಮಂಗೋಲಿಯಾದಿಂದ ಓಡಿ ಬರುತ್ತಿದ್ದೆ, ಅದಕ್ಕೇ ತಿಳಿಸಲಿಲ್ಲ. ಯುದ್ಧಕ್ಕೆ ಜನ ಸೇರಿಸುವ ಕಚೇರಿಯವರಿಬ್ಬರು ನಿನ್ನ ಹೆಸರಿನ ಆದೇಶ ಹಿಡಿದು ಸ್ಮಶಾನದ ಬಾಗಿಲಲ್ಲೇ ನಿಂತಿದ್ದರು.

"ಏನಮ್ಮಾ, ಅಪ್ಪನ ಮುಖ ನೋಡೋಕೂ ಮಗ ಬರ್ಲಿಲ್ವಾ?" ಎಂದು ಒಬ್ಬ ಕೇಳಿದ.

"ಅವನ ಹೆಸರೆತ್ಬೇಡಿ. ಹೆತ್ತಪ್ಪಂಗೆ ಮಣ್ಣು ಹಾಕೋಕೂ ಬರ್ದೇ ಇರೋನು ನನ್ನ ಮಗನೇ ಅಲ್ಲ!" ಎಂದು ಊರೆಲ್ಲ ಕೇಳುವಂತೆ ಕೂಗಿ ಶಾಪ ಹಾಕಿದೆ. ಅವರು ನಂಬಿ ಹೊರಟುಹೋದರು. "ಸರಿಯಾಗೇ ಅಂದ್ರಿ ಅತ್ತಿಗೆ" ಎಂದ ನಿನ್ನ ಚಿಕ್ಕಪ್ಪ; ಅವನೂ ನಿಜವೆಂದೇ ನಂಬಿದ್ದಾನೆ.

ಆ ಮಾತು ಯಾರ ಬಾಯಿಂದಲಾದರೂ ನಿನ್ನ ಕಿವಿಗೆ ಬಿದ್ದೀತೆಂದು ನನಗೆ ನಿದ್ದೆಯಿಲ್ಲ. ಬಿದ್ದರೆ ನಂಬಬೇಡ. ಅಪ್ಪನ ಕುರಿಚರ್ಮದ ಕೋಟು ಇದರ ಜೊತೆಗಿದೆ, ತೋಳು ಉದ್ದವಾದರೆ ಮಡಚಿಕೋ. ಬರಬೇಡ.

ನಿನ್ನ ಅಮ್ಮ,
ದುಲ್ಮಾ