ಹನ್ನೊಂದು ಆವರ್ತದ ಮೌನ

ಲಂಡನ್, ಮೇಡನ್ ಲೇನ್
1764, ಮಾರ್ಚ್ 9, ಶುಕ್ರವಾರ

ನನ್ನ ಮುದ್ದಿನ ತಮ್ಮ ಆಂಬ್ರೋಸ್‌ಗೆ ಅಕ್ಕನ ಆಶೀರ್ವಾದ.

ನೀನು, ನಿನ್ನ ಹೆಂಡತಿ, ನಿಮ್ಮ ಚರ್ಚಿನ ಆ ಉಬ್ಬಸದ ಆರ್ಗನ್ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನೀನು ಕಳಿಸಿದ ಹಂದಿಮಾಂಸದ ಕಡುಬು ಗಾಡಿಯಲ್ಲೇ ಅರ್ಧ ಪುಡಿಯಾಗಿತ್ತು; ಆದರೂ ಬಿಡದೆ ತಿಂದೆ. ಮೂರು ವಾರದಿಂದ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಇಲ್ಲಿ ನಡೆದದ್ದನ್ನು ಕೇಳಿದರೆ ನಿನಗೂ ಊಟ ಸೇರಲಿಕ್ಕಿಲ್ಲ.

ಎರಡು ಪಿಟೀಲು, ಒಂದು ಚೆಲ್ಲೊಗೆಂದು ನೀನು ಬರೆದ ಆರು ಟ್ರಿಯೊಗಳು ಈ ವಸಂತಕ್ಕೆ ನಮ್ಮ ಯಜಮಾನರು ಥ್ಯಾಕ್‌ವೆಲ್ ಅವರ ಅಂಗಡಿಯಿಂದ ಹೊರಬರಬೇಕಿತ್ತಲ್ಲ? ನಾನು ಐದನೆಯದನ್ನು ಅಚ್ಚಿನ ತಗಡಿನ ಮೇಲೆ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಕೊರೆಯುತ್ತ ಕೂತಿದ್ದೆ. ಅಷ್ಟರಲ್ಲಿ ನಮ್ಮ ಹಾಗೆಯೇ ಸಂಗೀತ ಅಚ್ಚು ಹಾಕಿ ಮಾರುವ ಎದುರು ಬೀದಿಯ ಲಾಡರ್ ಅಂಗಡಿಯ ಕಿಟಕಿಯಲ್ಲಿ ಅವೇ ಆರು ಟ್ರಿಯೊ ಅಚ್ಚಾಗಿ ನೇತಾಡುತ್ತಿದ್ದವು! ಮೇಲೆ ನಿನ್ನ ಹೆಸರಿಲ್ಲ. 'ಸಿಗ್ನೋರ್ ಬೆಲ್ಲಾಂದಿ' ಎಂಬ ಯಾವನೋ ಇಟಲಿಯವನ ಹೆಸರು. ಇಟಲಿಯ ಹೆಸರು ಕಂಡರೆ ಇಲ್ಲಿಯ ದೊಡ್ಡ ಮನೆಯವರು ಮುಗಿಬಿದ್ದು ಕೊಳ್ಳುವುದು ನಿನಗೆ ಗೊತ್ತೇ ಇದೆ.

ಯಜಮಾನರು ಅಂಗಡಿಯ ನಡುವೆ ನಿಂತು ಕೂಗಾಡಿದರು. "ನನ್ನ ಅಂಗಡಿ ಒಳಗೇ ಹಾವು ಸಾಕಿದೀನಲ್ಲಪ್ಪಾ! ಈ ಹಾಳೆ ಮುಟ್ಟಿದೋರು ಇಬ್ರೇ. ಯಾರು ಅಂತ ನೀವೇ ಬಾಯ್ಬಿಡಿ" ಎಂದರು. ಆ ಇಬ್ಬರಲ್ಲಿ ನಾನೊಬ್ಬಳು. ಇನ್ನೊಬ್ಬರು ನಿನ್ನ ಕೈಬರಹವನ್ನು ಅಚ್ಚಿಗಾಗಿ ಶುದ್ಧಪ್ರತಿ ಮಾಡಿಕೊಡುವ ಗಿಡಿಯನ್ ಫ್ಯಾರೋ. ಅರವತ್ತು ದಾಟಿದವರು, ಮಾತು ಕಡಿಮೆ.

ಮಾತು ಕಡಿಮೆಯಾದ್ದೇ ನನಗೆ ಮುಳ್ಳಾಯಿತು ಕಣೋ. ನಾನು ಹತ್ತಿರ ಹೋದರೆ ಹಾಳೆಯ ಮೇಲೆ ಕೈ ಅಡ್ಡ ಇಡುತ್ತಿದ್ದರು. ಸಂಜೆ ಹೊರಡುವಾಗ ಅವರ ಕೋಟಿನೊಳಗೆ ಏನೋ ಉಬ್ಬಿರುತ್ತಿತ್ತು. ಜನವರಿಯಲ್ಲಿ ಒಂದು ದಿನ ಅವರು ಲಾಡರ್ ಅಂಗಡಿಯಿಂದ ಇಳಿದು ಬರುವುದನ್ನು ಈ ಕಣ್ಣಿಂದಲೇ ಕಂಡಿದ್ದೆ. ಎಲ್ಲವನ್ನೂ ಯಜಮಾನರ ಮುಂದೆ ಒಪ್ಪಿಸಿಬಿಟ್ಟೆ. ಗಿಡಿಯನ್ ನನ್ನತ್ತ ಒಮ್ಮೆ ನೋಡಿದರು, ಲೇಖನಿಯನ್ನು ಒರೆಸಿ ಜೇಬಿಗಿಟ್ಟುಕೊಂಡರು. "ಆಯ್ತಮ್ಮ" ಎಂದರು, ಹೊರಟುಹೋದರು.

ಈಗ ಅವರಿಗೆ ಕಳ್ಳನೆಂಬ ಹೆಸರು ಬಂದಿದೆ. ಲಂಡನ್ನಿನ ಒಂದೇ ಒಂದು ಅಂಗಡಿಯೂ ಅವರಿಗೆ ಒಂದು ಹಾಳೆ ಕೊಡುತ್ತಿಲ್ಲ. ಕೈ ಅಡ್ಡ ಇಡುತ್ತಿದ್ದದ್ದು ಹಸಿ ಮಸಿ ಕೆಡದಿರಲೆಂದು. ಕೋಟಿನೊಳಗಿದ್ದದ್ದು ಮಧ್ಯಾಹ್ನ ಉಳಿಸಿಕೊಂಡ ಬ್ರೆಡ್ಡು, ಚೀಸು. ಲಾಡರ್ ಬಳಿ ಹೋಗಿದ್ದು ಪಿಟೀಲಿನ ತಂತಿ ಕೊಳ್ಳಲು. ಇವೆಲ್ಲ ನನಗೆ ತಿಳಿದದ್ದು ಆಮೇಲೆ.

ಮೊನ್ನೆ ಬುಧವಾರ ಯಜಮಾನರು ಲಾಡರ್ ಅಚ್ಚು ಹಾಕಿದ ಒಂದು ಪ್ರತಿಯನ್ನು ತರಿಸಿ, ಹಿಂದಿನ ಕೋಣೆಯಲ್ಲಿ ಮೂವರು ವಾದಕರನ್ನು ಕೂರಿಸಿ ನುಡಿಸಲು ಹೇಳಿದರು. ನಾವು ವಾದ್ಯಕ್ಕೊಂದು ಹಾಳೆಯೆಂದು ಬೇರೆ ಬೇರೆಯಾಗಿ ಅಚ್ಚು ಹಾಕುವವರು; ಮೂವರೂ ಕೂಡಿ ನುಡಿಸುವವರೆಗೆ ಎಲ್ಲಿ ತಪ್ಪಿದೆಯೆಂದು ದೇವರಿಗೂ ತಿಳಿಯದು. ಮೂರನೆಯ ಟ್ರಿಯೊದ ನಿಧಾನದ ಭಾಗ. ಪಿಟೀಲುಗಳೆರಡೇ ಹಾಡುತ್ತಿದ್ದಾಗ ಕ್ವೆಸ್ಟೆಡ್ ಅವರ ಚೆಲ್ಲೊ ಒಂದು ಆವರ್ತ ಮುಂಚೆಯೇ ಧಡಕ್ಕನೆ ಒಳಗೆ ಬಂತು.

"ಏನ್ ಕ್ವೆಸ್ಟೆಡ್ ಸಾಹೇಬ್ರೇ, ಬಿಯರ್ ಕರೀತಾ ಇತ್ತಾ? ಅಷ್ಟು ಅವಸರ!" ಎಂದ ಪಿಟೀಲಿನವನು.

"ನಾನ್ಯಾಕ್ ಅವಸರ ಮಾಡ್ಲಿ? ಹನ್ನೊಂದು ಆವರ್ತ ಸುಮ್ನಿರು ಅಂತಲೇ ಬರೆದಿದೆ, ಬೇಕಾದ್ರೆ ನೋಡಿ!" ಎಂದು ಕ್ವೆಸ್ಟೆಡ್ ಹಾಳೆಯನ್ನೇ ಎತ್ತಿ ತೋರಿಸಿದರು. ಎಲ್ಲರೂ ನಕ್ಕರು. ನಾನು ಎದ್ದು ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಅಂಕಿಯನ್ನು ಮತ್ತೊಮ್ಮೆ ನೋಡಿದೆ.

ನಿನಗೆ ಎಂದೂ ಹೇಳದ ಒಂದು ಮಾತು ಈಗ ಹೇಳುತ್ತೇನೆ. ಚಿಕ್ಕಂದಿನಲ್ಲಿ ಅಪ್ಪ ಹನ್ನೆರಡು ಎಣಿಸೋ ಎಂದರೆ ನೀನು ಹನ್ನೊಂದಕ್ಕೇ ನುಗ್ಗುತ್ತಿದ್ದೆ. ಮೌನದ ಕೊನೆಯ ಆವರ್ತವನ್ನು ಲೆಕ್ಕದಿಂದ ಬಿಟ್ಟೇಬಿಡುವ ಚಾಳಿ ನಿನ್ನದು. ಬರೆಯುವಾಗಲೂ ಅದೇ. ನೀನು ಕಳಿಸಿದ ಕಟ್ಟನ್ನು ಅಂಗಡಿಗೆ ಒಯ್ಯುವ ಮೊದಲು ನಾನು ಮನೆಯಲ್ಲೇ ಬಿಚ್ಚಿ, ತಪ್ಪಿದ ಅಂಕಿಯನ್ನು ಚಾಕುವಿನಿಂದ ಕೆರೆದು ಸರಿಮಾಡುತ್ತೇನೆ. ಇಷ್ಟು ವರ್ಷವೂ ಮಾಡಿದ್ದೇನೆ. ಹೇಳಿದರೆ ನಿನ್ನ ಮುಖ ಬಾಡೀತೆಂದು ಹೇಳಲಿಲ್ಲ. ಈ ಹನ್ನೊಂದನ್ನೂ ಹನ್ನೆರಡು ಮಾಡಿಯೇ ಕೊಟ್ಟಿದ್ದೆ. ಲಂಡನ್ನಿನಲ್ಲಿ ಹನ್ನೊಂದನ್ನು ಕಂಡವಳು ನಾನೊಬ್ಬಳೇ.

ಹಾಗಾದರೆ ಲಾಡರ್‌ಗೆ ಆ ಹನ್ನೊಂದು ಎಲ್ಲಿಂದ ಸಿಕ್ಕಿತು, ತಮ್ಮಾ?

ಇನ್ನೊಂದು ಪ್ರತಿ ಬರೆದು ಅವನಿಗೂ ಕಳಿಸಿದವನು ನೀನೇ. ಹೆಸರು ಬದಲಿಸಲು ಒಪ್ಪಿದವನೂ ನೀನೇ. "ಇಟಲಿಯವರಿಗಾದರೆ ಎಲ್ಲರೂ ಕಿವಿಗೊಡುತ್ತಾರಲ್ಲ ಅಕ್ಕಾ" ಎಂದು ಕ್ರಿಸ್ಮಸ್ ಪತ್ರದಲ್ಲಿ ನೀನು ಬರೆದದ್ದನ್ನು ಓದಿ ನಾನು ಪೆದ್ದಿ ನಕ್ಕಿದ್ದೆ. ನಿನ್ನ ಸಂಗೀತವನ್ನು ದೊಡ್ಡವರು ಕೇಳಬೇಕೆಂಬ ಆಸೆ ನನಗೆ ಅರ್ಥವಾಗುತ್ತದೆ. ಅದಕ್ಕಾಗಿ ಬೇರೆಯವರ ಮೇಲೆ ಬಂದ ಕಳ್ಳತನದ ಹೆಸರನ್ನು ನಾನು ಸಹಿಸಲಾರೆ. ನಾಚಿಕೆಯಾಗುತ್ತದೆ ಆಂಬ್ರೋಸ್, ನಿನ್ನ ಬಗ್ಗೆಯೂ ನನ್ನ ಬಗ್ಗೆಯೂ.

ಈ ಪತ್ರ ಸಿಕ್ಕ ದಿನವೇ ಥ್ಯಾಕ್‌ವೆಲ್ ಅವರಿಗೆ ನಿನ್ನ ಕೈಯಾರೆ ಬರೆದು ಒಪ್ಪಿಕೋ. ಅವರು ಇನ್ನು ನಿನ್ನದೇನನ್ನೂ ಅಚ್ಚು ಹಾಕುವುದಿಲ್ಲ. ನನ್ನನ್ನೂ ಹೊರಗೆ ಹಾಕಬಹುದು, ಹಾಕಲಿ. ತಿಂಗಳು ಮುಗಿಯುವುದರೊಳಗೆ ನೀನು ಬರೆಯದಿದ್ದರೆ, ಕೆರೆದ ಗುರುತಿರುವ ನಿನ್ನ ಹಾಳೆ ಹಿಡಿದು ನಾನೇ ಅವರ ಮುಂದೆ ನಿಲ್ಲುತ್ತೇನೆ.

ಇಷ್ಟಾದರೂ ನಿನ್ನ ಮೇಲಿನ ಪ್ರೀತಿ ಬಿಡಲಾರದ ಅಕ್ಕ,
ತಬಿತಾ ಪ್ರೌಸ್

ಮತ್ತೊಂದು ಮಾತು: ಗಿಡಿಯನ್ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರಿಗೆ ಮೊದಲೇ ಗೊತ್ತಿತ್ತಂತೆ. "ಆ ಅಂಕಿ ಕೆರೆದಿದ್ದು ನಕಲು ಮಾಡೋವಾಗ್ಲೇ ಕಂಡಿತ್ತಮ್ಮ. ಲಾಡರ್ ಪ್ರತೀಲಿ ಹನ್ನೊಂದು ನೋಡಿದೆ, ನಿಮ್ಮ ತಮ್ಮನೇ ಅವನಿಗೂ ಕಳ್ಸಿದಾನೆ ಅಂತ ತಿಳೀತು. ನೀವೂ ತಮ್ಮನ ಜೊತೆ ಸೇರಿದೀರಿ ಅಂದ್ಕೊಂಡೆ. ಗಂಡ ಇಲ್ಲದೋರು, ನಿಮ್ಮ ಅನ್ನಕ್ಕೆ ನಾನ್ಯಾಕೆ ಕಲ್ಲು ಹಾಕ್ಲಿ ಅಂತ ಸುಮ್ನಾದೆ" ಎಂದರು. ಈ ಪತ್ರದ ಅಕ್ಷರ ನನ್ನದಲ್ಲವೆಂದು ನೀನು ಆಗಲೇ ಗುರುತಿಸಿರುತ್ತೀ. ನನ್ನ ಕರಡನ್ನು ಮೊದಲಿಂದ ಕೊನೆಯವರೆಗೆ ಶುದ್ಧಪ್ರತಿ ಮಾಡಿಕೊಟ್ಟವರು ಗಿಡಿಯನ್ ಅವರೇ. ಮೂರು ವಾರದಲ್ಲಿ ಅವರಿಗೆ ಸಿಕ್ಕ ಮೊದಲ ಕೆಲಸ ಇದು. "ಚಿಕ್ಕೋನು, ಇಷ್ಟು ಬೈಬೇಡಿ" ಎಂದು ಎರಡು ಸಾಲು ಬಿಡಲು ಕೇಳಿಕೊಂಡರು. ನಾನು ಒಪ್ಪಲಿಲ್ಲ.