ನೆನೆದ ರೊಟ್ಟಿಯ ಕೊಲ್ಲಿಗೆ ಅದರ ಹೆಸರನ್ನು ವಾಪಸು ಕೊಡಿ

ನಮ್ಮ ಕರಾವಳಿಯ ಪ್ರವಾಸೋದ್ಯಮ ನಿರ್ದೇಶಕರಿಗೆ,

ಮಾನ್ಯರೇ, ನಿಮ್ಮ ಸಂತಾಪದ ಪತ್ರ ತಲುಪಿತು. ‘ನೀಲಿ ಸ್ವರ್ಗದಲ್ಲಿ ನಡೆದ ದುರ್ಘಟನೆಗೆ ನಮ್ಮ ಕಚೇರಿ ತೀವ್ರವಾಗಿ ವಿಷಾದಿಸುತ್ತದೆ’ ಎಂದು ಬರೆದಿದ್ದೀರಿ. ನನ್ನ ಅಪ್ಪ ಬಾಲ್ದಿರಿ ತೀರಿಕೊಂಡದ್ದು ನೀಲಿ ಸ್ವರ್ಗದಲ್ಲಲ್ಲ, ನೆನೆದ ರೊಟ್ಟಿಯ ಕೊಲ್ಲಿಯಲ್ಲಿ. ಆ ಹೆಸರನ್ನು ನೀವು ನಕ್ಷೆಯಿಂದ ಅಳಿಸಿದ್ದರಿಂದಲೇ ರಕ್ಷಣಾ ದೋಣಿ ತಡವಾಗಿ ಬಂತು. ಸತ್ತವರ ಮನೆಗೆ ಬರೆಯುವಾಗಲಾದರೂ ಅವರು ಸತ್ತ ಜಾಗದ ಹೆಸರನ್ನು ಸರಿಯಾಗಿ ಬರೆಯಬಾರದಿತ್ತೇ?

ಯಾವುದೋ ಕಾಲದಲ್ಲಿ ರೊಟ್ಟಿ ತುಂಬಿದ ದೋಣಿಯೊಂದು ಅಲ್ಲಿ ಮಗುಚಿತಂತೆ. ಊರಿಗೆ ಊರೇ ಹೋಗಿ, ಉಪ್ಪುನೀರಲ್ಲಿ ನೆನೆದದ್ದನ್ನೇ ಬಾಚಿ ತಂದು, ಬೆಳ್ಳುಳ್ಳಿ ಸಾರಿಗೆ ಹಾಕಿ ಉಂಡರಂತೆ. ಹಸಿದವರು ಇಟ್ಟ ಹೆಸರು ಅದು. ನಿಮಗೆ ಅದು ಹಿಡಿಸಲಿಲ್ಲ. ಪುರಸಭೆಯ ಸಭೆಯಲ್ಲಿ ನೀವು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: “ನೆನೆದ ರೊಟ್ಟಿ ನೋಡೋಕೆ ಯಾರು ಬರ್ತಾರೆ ಹೇಳಿ?” ಜನ ನಕ್ಕರು. ಒಂದೇ ಸಂಜೆಯಲ್ಲಿ ದೀಪಸ್ತಂಭದಾಚೆಯ ಅಷ್ಟೂ ಕೊಲ್ಲಿಗಳಿಗೆ ನಾಮಕರಣ ಮುಗಿಯಿತು. ನೀಲಿ ಸ್ವರ್ಗ, ಮತ್ಸ್ಯಕನ್ಯೆಯ ಹಾಸಿಗೆ, ಮುತ್ತಿನ ಮಡಿಲು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಎದ್ದು ನಿಂತು, “ಸ್ವಾಮಿ, ಹಾಗೇ ನಮ್ಮಜ್ಜಿಗೂ ಒಂದು ಹೊಸ ಹೆಸರಿಟ್ಟುಬಿಡಿ, ಗೋರಿ ನೋಡೋಕೆ ನಾಲ್ಕು ಜನ ಬರಲಿ” ಅಂದರು. ನೀವೂ ನಕ್ಕಿರಿ. ನಗುವುದರಲ್ಲಿ ನಿಮ್ಮ ಕಚೇರಿಯನ್ನು ಮೀರಿಸುವವರಿಲ್ಲ.

ಕೊಲ್ಲಿಗಿಳಿಯುವ ಮೆಟ್ಟಿಲ ಮೇಲ್ತುದಿಯಲ್ಲಿ ನೀವು ನೆಟ್ಟ ಬೋರ್ಡಿಗೆ ಅಪ್ಪ ಈಜಲು ಹೋದಾಗಲೆಲ್ಲ ತಮ್ಮ ಟವೆಲ್ ನೇತುಹಾಕುತ್ತಿದ್ದರು. “ಇಷ್ಟು ದಿನಕ್ಕೆ ಸರ್ಕಾರದೋರು ಉಪಯೋಗಕ್ಕೆ ಬರೋ ಒಂದು ಗೂಟ ಹಾಕಿಕೊಟ್ಟಿದ್ದಾರೆ ಕಣೇ” ಅನ್ನುತ್ತಿದ್ದರು. ಅದರಲ್ಲಿ ಬರೆದದ್ದನ್ನು ಅವರೂ ಓದಲಿಲ್ಲ, ನಾನೂ ಓದಲಿಲ್ಲ. ನಮ್ಮ ಮನೆಯ ಬಾಗಿಲಲ್ಲಿ ಇನ್ಯಾರದೋ ಹೆಸರು ತೂಗುಹಾಕಿದರೆ ನೀವಾದರೂ ಓದುತ್ತೀರಾ?

ಆ ಬೆಳಿಗ್ಗೆ ಅಪ್ಪ ನನ್ನ ಮಗಳು ಕೆರಾಲ್ತ್‌ಗೆ ನೀರೊಳಗೆ ನೋಡುವುದನ್ನು ಕಲಿಸುತ್ತಿದ್ದರು. ಅವಳಿಗೆ ನಾಲ್ಕು ವರ್ಷ. ನೀರಲ್ಲಿ ಮುಖವಿಟ್ಟು ಉಸಿರಾಡುವ ಕೊಳವೆಯನ್ನು ಬಾಯಿಗಿಟ್ಟುಕೊಳ್ಳಲು ಹೆದರುತ್ತಿದ್ದಳು. “ಇದು ಬಾಯಲ್ಲಿರೋ ತನಕ ನಿಂಗೇನೂ ಆಗಲ್ಲ ಪುಟ್ಟಿ, ಅಜ್ಜನ ಮಾತು ಕೇಳು” ಎಂದು ಪುಸಲಾಯಿಸಿ, ಬಂಡೆಯ ಸಂದಿನಲ್ಲಿ ಆಕ್ಟೋಪಸ್ ಮನೆ ಮಾಡಿಕೊಂಡದ್ದನ್ನು ತೋರಿಸಿದರು. ಅವಳು ಕೊಳವೆಯೊಳಗಿಂದಲೇ ಕಿರುಚಿದ್ದು ನನಗೆ ದಡಕ್ಕೆ ಕೇಳಿಸಿತು. ಮೇಲೆ ಬಂದು ಬೆಣಚುಕಲ್ಲುಗಳ ಮೇಲೆ ಕೂತ ಅಪ್ಪ ಎದೆ ಹಿಡಿದುಕೊಂಡರು. ಹಾಗೇ ಒರಗಿದರು.

ತುರ್ತು ಸಹಾಯಕ್ಕೆ ಫೋನ್ ಮಾಡಿದೆ. ದೂರದ ನಗರದಲ್ಲಿ ಕೂತ ಹುಡುಗಿ, ಪಾಪ, ಸಮಾಧಾನವಾಗಿಯೇ ಕೇಳಿದಳು.

“ಮೇಡಂ, ಆ ಹೆಸರಿನ ಜಾಗ ಇಲ್ಲಿ ಬರ್ತಾನೇ ಇಲ್ಲ. ಇನ್ನೊಂದ್ಸಲ ಹೇಳಿ.”

“ನೆನೆದ ರೊಟ್ಟಿಯ ಕೊಲ್ಲಿ! ದೀಪಸ್ತಂಭ ದಾಟಿದ ಮೇಲೆ! ಎಲ್ಲರಿಗೂ ಗೊತ್ತಿರೋ ಜಾಗ!”

“ದೀಪಸ್ತಂಭ ದಾಟಿದ್ರೆ ಸುಮಾರು ಕೊಲ್ಲಿ ತೋರಿಸ್ತಿದೆ ಮೇಡಂ. ಅಲ್ಲೆಲ್ಲಾದ್ರೂ ಬೋರ್ಡ್ ಇದ್ರೆ ಓದಿ ಹೇಳ್ತೀರಾ?”

ನಿಮ್ಮ ಸಭೆಯಲ್ಲಿ ಕೇಳಿದ ಹೆಸರುಗಳೆಲ್ಲ ತಲೆಯಲ್ಲಿ ಗಿರಗಿರ ತಿರುಗಿದವು. ಸ್ವರ್ಗವೋ, ಮುತ್ತೋ, ಮತ್ಸ್ಯಕನ್ಯೆಯೋ? ತಪ್ಪು ಹೇಳಿದರೆ ದೋಣಿ ತಪ್ಪು ಕಡೆ ಹೋಗುತ್ತದೆ. “ಅಜ್ಜನ ಹತ್ರಾನೇ ಕೂತಿರು, ನೀರಿಗಿಳೀಬೇಡ” ಎಂದು ನಾಲ್ಕು ವರ್ಷದ ಮಗುವಿಗೆ ಅಪ್ಪನನ್ನು ಒಪ್ಪಿಸಿ ಮೆಟ್ಟಿಲು ಹತ್ತಿದೆ. ಬೋರ್ಡಿನ ಮೇಲೆ ಅಪ್ಪನ ಟವೆಲ್ ಇತ್ತು. ಅದನ್ನು ನಾನೇ ಕಿತ್ತೆಳೆದು, ನಿಮ್ಮ ನೀಲಿ ಸ್ವರ್ಗವನ್ನು ಮೊದಲ ಸಲ ಬಾಯಿಬಿಟ್ಟು ಓದಿದೆ.

ಓಡಿ ಕೆಳಗೆ ಬಂದಾಗ ಕೆರಾಲ್ತ್ ತನ್ನ ಪುಟ್ಟ ಕೊಳವೆಯನ್ನು ಅಜ್ಜನ ಬಾಯಿಗಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ದೋಣಿ ಬಂತು. ಅದನ್ನು ನಡೆಸಿಕೊಂಡು ಬಂದವರು ಅಪ್ಪನ ಜೊತೆ ಇಸ್ಪೀಟಾಡುವ ಸಿದ್ರೆ ಮಾಮ. ನನ್ನ ಮುಖ ನೋಡಲಾರದೆ ಹೇಳಿದರು: “ಮೊದಲು ‘ದೀಪಸ್ತಂಭದಾಚೆ ಎಲ್ಲೋ’ ಅಂದ್ರು ಮಗಳೇ. ಪಕ್ಕದ ಕೊಲ್ಲೀಲಿ ಹುಡುಕ್ತಾ ಇದ್ದೆ. ನೆನೆದ ರೊಟ್ಟಿ ಅಂತ ಒಂದು ಮಾತು ಕಿವಿಗೆ ಬಿದ್ದಿದ್ರೆ ಕಣ್ಣು ಮುಚ್ಕೊಂಡು ಬರ್ತಿದ್ದೆನಲ್ಲೇ.” ಕೇಳಿಸಿಕೊಂಡ ಹುಡುಗಿಗೆ ಆ ಹೆಸರು ಗೊತ್ತಿಲ್ಲ. ಗೊತ್ತಿದ್ದ ಸಿದ್ರೆ ಮಾಮನಿಗೆ ಅದು ಕೇಳಿಸಲಿಲ್ಲ. ಇಬ್ಬರ ನಡುವೆ ನಿಮ್ಮ ನಕ್ಷೆ.

ಬೇಗ ಬಂದಿದ್ದರೆ ಅಪ್ಪ ಉಳಿಯುತ್ತಿದ್ದರೇ? ಡಾಕ್ಟರು ಹೇಳಲಾಗುವುದಿಲ್ಲ ಅಂದರು. ಇಲ್ಲ ಅಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೇನೋ. ಆ ‘ಹೇಳಲಾಗುವುದಿಲ್ಲ’ವನ್ನು ಪಕ್ಕದಲ್ಲಿಟ್ಟುಕೊಂಡು ಮಲಗುತ್ತೇನೆ. ಮಲಗುತ್ತೇನೆ ಅಷ್ಟೇ, ನಿದ್ದೆಯ ಮಾತು ಬೇರೆ. ಮಗಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿರುತ್ತೇನೆ.

“ಬೋರ್ಡಿಗೆ ಟವೆಲ್ ಮುಚ್ಚಿದವರು ಅವರೇ ತಾನೇ?” ಎಂದು ನಿಮ್ಮ ಕಚೇರಿಯವರೊಬ್ಬರು ಕಾಫಿ ಅಂಗಡಿಯಲ್ಲಿ ಹೇಳಿದರಂತೆ. ಹೌದು, ಅವರೇ. ಆದರೆ ಮಾನ್ಯರೇ, ಅಪ್ಪ ಮುಚ್ಚಿದ್ದನ್ನು ಒಂದು ಕೈಯಲ್ಲಿ ಎಳೆದು ತೆಗೆಯಬಹುದಿತ್ತು. ನೀವು ಮುಚ್ಚಿದ್ದನ್ನು ನಾನು ಯಾವ ಕೈಯಿಂದ ಎಳೆಯಲಿ?

ಪ್ರವಾಸಕ್ಕೆ ಬರುವವರ ಮೇಲೆ ನನಗೆ ದೂರಿಲ್ಲ. ಮೀನು ನೋಡುವ ಆಸೆ ಯಾರಿಗಿಲ್ಲ? ಬರಲಿ, ನೋಡಲಿ. ಆದರೆ ಅವರಿಗೂ ಎದೆಯಿದೆ, ಅದು ಅವರಿಗೂ ನೋಯಬಹುದು. ಅವರಿಗಾಗಿ ಓಡಿಬರಬೇಕಾದವರು, ಹಳೆಯ ಹೆಸರುಗಳಿಂದಲೇ ದಾರಿ ಗುರುತಿಸುವ ಸಿದ್ರೆ ಮಾಮನಂಥವರೇ.

ಕೆರಾಲ್ತ್ ಈಗ ಎಲ್ಲಿಗೆ ಕರೆದೊಯ್ದರೂ ಮೊದಲು ಕೇಳುವುದು ಒಂದೇ: “ಅಮ್ಮಾ, ಈ ಜಾಗದ ಹೆಸರೇನು?” ಅಂಗಡಿಯಲ್ಲೂ ಕೇಳುತ್ತಾಳೆ, ಬಸ್ಸಿನಲ್ಲೂ ಕೇಳುತ್ತಾಳೆ. ಯಾಕೆ ಪುಟ್ಟಿ ಅಂದರೆ, “ನಿಂಗೇನಾದ್ರೂ ಆದ್ರೆ ನಾನು ಹೇಳ್ಬೇಕಲ್ಲ” ಅನ್ನುತ್ತಾಳೆ.

ನಿಮ್ಮ ಪತ್ರದಲ್ಲಿ ಅಪ್ಪನ ನೆನಪಿಗೆ ಅಲ್ಲೊಂದು ಕಲ್ಲಿನ ಬೆಂಚು ಹಾಕಿಸುವುದಾಗಿ ಹೇಳಿದ್ದೀರಿ. ಬೆಂಚು ಬೇಡ. ಬೇಸಿಗೆ ಶುರುವಾಗುವುದರೊಳಗೆ ಆ ಕೊಲ್ಲಿಗಳ ಹಳೆಯ ಹೆಸರುಗಳನ್ನೆಲ್ಲ ಬೋರ್ಡಿಗೆ, ನಕ್ಷೆಗೆ, ಫೋನೆತ್ತುವ ಆ ಹುಡುಗಿಯ ಪರದೆಗೆ ಮರಳಿ ಹಾಕಿಸಿ. ಮೊದಲ ಬೋರ್ಡು ನೆಡುವ ದಿನ ತಿಳಿಸಿ, ಮಗಳನ್ನು ಕರೆದುಕೊಂಡು ಬರುತ್ತೇನೆ. ಅವಳಿಗೆ ಅಕ್ಷರ ಕೂಡಿಸಿ ಓದಲು ಈಗಷ್ಟೇ ಬರುತ್ತಿದೆ.

ಇಂತಿ,
ಅಪ್ಪನ ಟವೆಲನ್ನು ಇನ್ನೂ ಒಗೆಯದ ಮಗಳು,
ಮೆರಿಚೆಲ್